ಮೂಗಿಲ್ಲದ ಸ್ಟಡ್ಡುಗಳು

ಐದನೆಯ ಸ್ಟಡ್ ಕೂಡ ತಗಡಿಗೆ ಹಿಡಿಯದೆ ಟಣ್ಣೆಂದು ನೆಲಕ್ಕೆ ಬಿತ್ತು. ಗುಲ್ನಾಜ ವೆಲ್ಡಿಂಗ್ ಗನ್ನನ್ನು ಮೇಜಿನ ಮೇಲಿಟ್ಟು ಹಣೆ ಹಿಡಿದುಕೊಂಡಳು.

ಬೆಟಗೇರಿಯ ಈ ಶೆಡ್ಡಿನಲ್ಲಿ ಅವಳ ಅಪ್ಪ ಮಹಬೂಬಸಾಬ ಮೂವತ್ತು ವರ್ಷ ಸಾದಾ ವೆಲ್ಡಿಂಗ್ ಮಾಡಿದವರು. ಈ ಹೊಸ ಸ್ಟಡ್ ವೆಲ್ಡಿಂಗ್ ಮಷೀನು ತರಿಸಿದ್ದು ಅವಳ ಹಟ. ಮುಂಡರಗಿಯ ಚನ್ನಬಸವಣ್ಣನವರಿಗೆ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗಳು ಬೇಕಿದ್ದವು. ಪೆಟ್ಟಿಗೆಯ ಬಾಗಿಲಿನ ಒಳಮೈಗೆ ತಲೆಯಿಲ್ಲದ ಬೋಲ್ಟಿನಂಥ ತಿರುಪಿನ ನಾಲ್ಕು ಸ್ಟಡ್ ನಿಲ್ಲಬೇಕು, ಹೊರಗೆ ಒಂದು ಕಲೆಯೂ ಇರಬಾರದು. ಆ ತೆಳು ಸ್ಟೀಲಿಗೆ ಸಾದಾ ವೆಲ್ಡಿಂಗ್ ಹಾಕಿದರೆ ಸುಟ್ಟು ತೂತಾಗುತ್ತದೆ. ಕೊರೆದು ಬೋಲ್ಟ್ ಹಾಕಿದರೆ ಮಳೆನೀರು ಒಳಗಿಳಿಯುತ್ತದೆ. ಮೂರು ಗಂಟೆಗೆ ಬಂದು ಒಂದು ಬಾಗಿಲು ನೋಡುತ್ತೇನೆ, ಇಲ್ಲದಿದ್ದರೆ ಹುಬ್ಬಳ್ಳಿಗೆ ಕೊಡುತ್ತೇನೆ ಎಂದಿದ್ದರು. ಜಿಲ್ಲೆ ಬೇರೆಯಾಗಿ ಇಷ್ಟು ವರ್ಷವಾದರೂ ಎಲ್ಲರಿಗೂ ಹುಬ್ಬಳ್ಳಿಯೇ ಬೇಕು! ಈಗ ಎರಡೂವರೆ.

ತಪ್ಪು ತನ್ನದೇ ಇರಬೇಕು. ತಗಡು ಒರೆಸಿದಳು. ಅರ್ಥಿಂಗ್ ಕ್ಲಾಂಪು ಬಿಗಿದಳು. ವೋಲ್ಟೇಜ್ ಏರಿಸಿದಳು, ಇಳಿಸಿದಳು. ತಾನು ವೆಲ್ಡಿಂಗ್ ಕಲಿತ ಸಂಜೆ ಕ್ಲಾಸಿನ ನೋಟ್ಸು ಮೂರು ಸಲ ಓದಿದಳು. ನಿನ್ನೆ ಹಿಡಿದದ್ದು ಇವತ್ತೇಕೆ ಹಿಡಿಯದು?

"ಆವಾಗಿಂದ ಟಪ್ ಟಪ್ ಅನ್ನಸಾಕತ್ತಿ, ಒಂದೂ ನಿಲ್ಲವಲ್ದು," ಎಂದರು ಮೂಲೆಯಲ್ಲಿ ಕೂತಿದ್ದ ಮಹಬೂಬಸಾಬ. "ನನ್ನ ವೆಲ್ಡಿಂಗ್ ರಾಡ್ ಆಗಿದ್ರ ಇಷ್ಟೊತ್ತಿಗೆ..."

"ಇಷ್ಟೊತ್ತಿಗೆ ತಗಡು ಜರಡಿ ಆಗಿರತಿತ್ತು, ಅಬ್ಬಾ!" ಎಂದು ಅಪ್ಪನಿಗೆ ತಿರುಗೇಟು ಕೊಟ್ಟಳು.

ಕಿರ್ ಕಿರ್ ಸದ್ದು ಕೇಳಿ ತಿರುಗಿದಳು. ಅವರು ಕಬ್ಬಿಣ ಸವೆಸುವ ಸಣ್ಣ ಕಾನಸಿನಿಂದ ಒಂದು ಸ್ಟಡ್ಡಿನ ಬುಡ ಉಜ್ಜುತ್ತಿದ್ದರು.

"ಏನ್ ಮಾಡಾಕತ್ತೀರಿ?"

"ಕಂಪನಿಯವರು ಬುಡದಾಗ ಒಂದೊಂದು ಮೊನಿ ಹಂಗ ಬಿಟ್ಟಾರ, ಬೇಟಿ. ಕೆಲಸ ಸಾಫ್ ಇರಬೇಕು. ನಮಾಜ್ ಮುಗಿಸಿ ಕುಂತೀನಿ, ಉಜ್ಜಿದ್ದು ನಿನ್ನ ಮೇಜಿನ ಮ್ಯಾಲ ಇಟ್ಟೀನಿ, ಡಬ್ಬಿ ಮುಗೀತ ಬಂತು."

"ಯಾ ಅಲ್ಲಾ, ಅದರ ಮೂಗ ಕೊಯ್ದೀರಲ್ಲ! ಮಷೀನಿನ ಹೊಟ್ಟ್ಯಾಗ ಕೆಪಾಸಿಟರು ಕರೆಂಟ್ ಕೂಡಿಟ್ಟಿರತಾವು. ಒತ್ತಿದ ಕೂಡ್ಲೆ ಅಷ್ಟೂ ಆ ಮೊನಿಗೆ ಹರೀಬೇಕು. ಮೊನಿ ಸುಟ್ಟು ಕಿಡಿ ಹುಟ್ಟತೈತಿ, ಸ್ಟಡ್ಡಿನ ಬುಡಾನೂ ತಗಡಿನ ಮ್ಯಾಲಿನ ಪದರೂ ಕರಗತಾವು, ಸ್ಪ್ರಿಂಗು ಎರಡನ್ನೂ ಒತ್ತಿ ಕೂಡಸತೈತಿ. ಕಣ್ಣು ಪಿಳುಕೋದ್ರಾಗ ಎಲ್ಲಾ ಮುಗೀತು. ಬಿಸಿ ಆಚಿ ಕಡಿ ಮುಟ್ಟೂದ ಇಲ್ಲ, ಅದಕ್ಕ ಕಲಿ ಬೀಳೂದಿಲ್ಲ. ಮೊನಿನ ಇಲ್ಲಂದ್ರ ಕಿಡಿ ಎಲ್ಲಿಂದ ಬರಬೇಕು?"

"ನೀ ಹೇಳಬೇಕಿತ್ತಿಲ್ಲೋ?"

"ನೀವು ಕೇಳಬೇಕಿತ್ತಿಲ್ಲೋ?"

"ಉಜ್ಜೂದು ಇನ್ನ ನಾಕು ಉಳದಾವು..."

"ಮುಟ್ಟಬ್ಯಾಡ್ರಿ!"

ನಾಲ್ಕೇ. ಹಚ್ಚಿ ನೋಡಲು ಒಂದೂ ಹೆಚ್ಚಿಗೆ ಇಲ್ಲ. ನೋಟ್ಸಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ನಿನ್ನೆಯ ವೋಲ್ಟೇಜಿಗೇ ಮಷೀನು ತಿರುಗಿಸಿದಳು. ಗನ್ನನ್ನು ನೆಟ್ಟಗೆ ಒತ್ತಿ ಹಿಡಿದು ಉಸಿರು ಕಟ್ಟಿದಳು. ಟಪ್. ನಿಂತಿತು. ಟಪ್. ಟಪ್. ನಾಲ್ಕನೆಯದು ನಿಲ್ಲುವಾಗ ಚನ್ನಬಸವಣ್ಣನವರ ಬೈಕು ಶೆಡ್ಡಿನ ಮುಂದೆಯೇ ಬಂದು ನಿಂತಿತ್ತು.

ಅವರು ಪೆಟ್ಟಿಗೆಯ ಬಾಗಿಲನ್ನು ಬೆಳಕಿಗೆ ಹಿಡಿದು ಹೊಳೆಯುವ ಮುಖದ ಮೇಲೆ ಅಂಗೈ ಆಡಿಸಿದರು. "ಹಚ್ಚೀರೋ ಇಲ್ಲೋ? ಗುರುತ ಇಲ್ಲಲ್ಲ." ತಿರುಗಿಸಿ ನೋಡಿದರು. "ಬಿಚ್ಚಿ ಬರೂದಿಲ್ಲೇನು?"

ಗುಲ್ನಾಜ ಬಾಯಿ ತೆರೆಯುವ ಮೊದಲೇ ಮಹಬೂಬಸಾಬ ಸುತ್ತಿಗೆ ಎತ್ತಿ ಒಂದು ಸ್ಟಡ್ಡಿಗೆ ಬಿಟ್ಟರು. ಅದು ಬಾಗಿ ಮಲಗಿತು, ಬಿಚ್ಚಲಿಲ್ಲ.

"ಇಪ್ಪತ್ತು ಬಾಗಲಾ ಹಿಂಗ ಮಾಡಿಕೊಡ್ರಿ," ಎಂದು ಚನ್ನಬಸವಣ್ಣ ನಕ್ಕರು. "ಸೊಟ್ಟ ಸ್ಟಡ್ ಮಾತ್ರ ಬ್ಯಾಡ್ರಿ."

ಅವರು ಹೋದ ಮೇಲೆ ಮಹಬೂಬಸಾಬ ಸ್ಟಡ್ಡಿನ ಸುತ್ತ ಬೆರಳಾಡಿಸಿದರು. "ಇಲ್ಲಿ ಸಣ್ಣ ಸಣ್ಣ ಕಾಳು ಸಿಡದಾವು. ಸಾಫ್ ಮಾಡ್ಲೇನು?"

ಗುಲ್ನಾಜ ಕೈ ಚಾಚಿದಳು. "ಆ ಕಾನಸು ಮೊದಲ ಇತ್ತಾಗ ಕೊಡ್ರಿ, ಅಬ್ಬಾ."