ಇಪ್ಪತ್ತೊಂಬತ್ತೂವರೆ ಇಂಚು

ಟೇಪಿನ ತಗಡಿನ ತುದಿ ಸೊಂಟಕ್ಕೆ ತಗುಲಿದ್ದೇ ಮಗಳು ಅಬ್ಬಾ ತಣ್ಣಗಿದೆ ಅಂದಳು, ತಗಡು ತಣ್ಣಗಿರದೆ ಇನ್ನೇನು, ಇಪ್ಪತ್ತೊಂಬತ್ತೂವರೆ, ಹೋದ ತಿಂಗಳು ಇಪ್ಪತ್ತೆಂಟಿತ್ತು, ಟೈಲರಮ್ಮನ ಕೈಗೆ ಸುಳ್ಳು ಹೇಳೋಕಾಗುತ್ತಾ, ಇಪ್ಪತ್ತೈದು ವರ್ಷದಿಂದ ಈ ಬೀದಿಯ ಹೆಂಗಸರನ್ನೆಲ್ಲ ಅಳೆದ ಕೈ, ಯಾರು ತಿಂದು ಊದಿದ್ದು ಯಾರು ಬಸುರಾಗಿ ಊದಿದ್ದು ಅಂತ ಗಂಡಂದಿರಿಗಿಂತ ಮೊದಲು ಇವಳಿಗೇ ಗೊತ್ತು, ಇನ್ನೊಮ್ಮೆ ಅಳೆದಳು, ಅದೇ — ಪ್ಯಾಂಟಿನ ಒಳಗೆ ಹೆಚ್ಚು ಬಟ್ಟೆ ಬಿಡಬೇಡಮ್ಮಾ, ಹೊಟ್ಟೆ ಇಳಿದುಹೋಗುತ್ತೆ, ಅಂದಳು ಮಗಳು, ಸೋಮವಾರ ತೆಗೆಸ್ತಾ ಇದೀನಿ, ಹಲ್ಲು ತೆಗೆಸೋಳ ಹಾಗೆ ಹೇಳ್ತಾಳೆ ನೋಡು, ಜೊತೆಗೊಬ್ಬರು ಇರಬೇಕಂತೆ, ನೀನು ಬರ್ತೀಯಾ?

ಬರ್ತೀಯಾ ಅಂತೆ, ತನ್ನ ಜೊತೆ ಯಾರು ನಿಂತಿದ್ರು, ಇದೇ ಮೇಜು, ಇದೇ ಟೇಪು, ಅವತ್ತು ಹತ್ತೊಂಬತ್ತರ ಹುಡುಗಿ ತಾನು, ತನ್ನ ಸೊಂಟಕ್ಕೆ ತಾಯಿ ಸುತ್ತಿದಳು, ಉಸಿರು ಎಳೆದು ಹಿಡಿದರೂ ಇಪ್ಪತ್ತೊಂಬತ್ತೂವರೆ, ಆ ಗೆರೆಯ ಮೇಲೆ ತಾಯಿ ಹೆಬ್ಬೆರಳಿನ ಉಗುರು ಒತ್ತಿದ ಒತ್ತಿಗೆ ಟೇಪು ಸೀಳಿತು, ಆ ಗೀರು ಇವತ್ತಿಗೂ ಇದೆ, ಯಾರದು, ಅಂದಳು ಗುಂಡುಪಿನ್ನು ಕಚ್ಚಿಕೊಂಡೇ, ಆಮೇಲೆ ಪಿನ್ನು ಒಂದೊಂದಾಗಿ ತೆಗೆದಿಟ್ಟು, ಆತುರವೇ ಇಲ್ಲದೆ, ಹೊಡೆದಳು — ತೆಗೆಸಿಬಿಡಮ್ಮಾ, ನರ್ಸಿಂಗ್ ಸೀಟು ಸಿಕ್ಕಿದೆ, ಕಾಲಿಗೆ ಬೀಳ್ತೀನಿ, ಥೂ, ಮಾಡೋದೆಲ್ಲ ಮಾಡಿ ಈಗ ಕೊಲೆ ಬೇರೆ ಮಾಡ್ತೀಯಾ, ಹತ್ತು ದಿನಕ್ಕೆ ಮದುವೆ, ಮದುವೆ ಬಟ್ಟೆಗೆ ತಾಯಿಯೇ ಒಳಗೆ ಎರಡಿಂಚು ಮಡಚಿ ಹೊಲಿದಳು, ಹೊಟ್ಟೆ ಬೆಳೆದ ಹಾಗೆ ಬಿಚ್ಚೋಕೆ, ಏನು ಅಚ್ಚುಕಟ್ಟು, ಹಾಳಾದವಳದು, ಕಟ್ಟಿಕೊಂಡವನು ಮಗು ತೆವಳೋ ಹೊತ್ತಿಗೆ ಕಾಲ್ಕಿತ್ತ, ಸೀಟು ಹೋಯ್ತು, ಉಳಿದದ್ದು ಈ ಮೇಜು, ಈ ಟೇಪು, ಇವಳು — ಇವಳಿಗೋ ಡಾಕ್ಟರಮ್ಮ ತುಂಬ ಒಳ್ಳೆಯವರಂತೆ, ಕೆಟ್ಟದಾಗಿ ಏನೂ ಅನ್ನಲಿಲ್ಲವಂತೆ, ಬುಧವಾರ ಆಫೀಸಿಗೂ ಹೋಗಬಹುದಂತೆ, ಅಬ್ಬಬ್ಬಾ ಏನು ಮರ್ಯಾದೆ, ಒಂಚೂರಾದ್ರೂ ನೋಯಲಿ, ಯಾರಾದ್ರೂ ಒಬ್ಬರು ಇವಳ ಮುಖಕ್ಕೆ ಥೂ ಅನ್ನಲಿ, ಹೊಟ್ಟೆಕಿಚ್ಚು, ಹೌದು, ಹೆತ್ತ ಮಗಳ ಮೇಲೇ ಹೊಟ್ಟೆಕಿಚ್ಚು, ಏನೀಗ, ನಾಲಿಗೆ ನಿಲ್ಲಲಿಲ್ಲ, ನನ್ನ ಕಾಲಕ್ಕೆ ಇಷ್ಟು ಸಲೀಸಾಗಿದ್ದಿದ್ರೆ ನೀನು ಇರ್ತಾನೇ ಇರಲಿಲ್ಲ ಕಣೇ, ಅಂದುಬಿಟ್ಟಳು.

ಅಳಬೇಕಿತ್ತು, ಕಿರುಚಬೇಕಿತ್ತು, ಮಗಳು ಅಳಲಿಲ್ಲ, ಗೊತ್ತಮ್ಮಾ, ಅಂದಳು, ನಂಗೆ ಹತ್ತು ವರ್ಷ ಇದ್ದಾಗಲೇ ಅಜ್ಜಿ ಹೇಳಿದ್ಲು, ನಿಮ್ಮಮ್ಮ ನಿನ್ನ ಬೇಡ ಅಂದಿದ್ಲು, ಉಳಿಸಿದ್ದು ನಾನು ಅಂತ, ಅದಕ್ಕೇ ನಿನ್ನ ಕರೆದೆ, ನಿಂಗಾದ್ರೂ ಅರ್ಥ ಆಗುತ್ತೆ ಅಂದ್ಕೊಂಡೆ, ಬಿಡು — ಟೇಪಿನ ತುದಿ ಬಿಡಿಸಿಕೊಂಡಳು, ಚಪ್ಪಲಿ ಮೆಟ್ಟಿದಳು, ಮೆಟ್ಟಿಲಿಳೀತಿದ್ದಾಳೆ, ಕರಿ, ಕೂಗಿ ಕರಿಯೇ, ಯಾವ ಆಸ್ಪತ್ರೆ ಅಂತಲೂ ಕೇಳಲಿಲ್ಲ, ಹತ್ತು ವರ್ಷದ ಮಗು, ಅವತ್ತಿಂದ ಇದನ್ನ ಹೊಟ್ಟೆಯಲ್ಲಿಟ್ಟುಕೊಂಡೇ ಅಮ್ಮಾ ಅಮ್ಮಾ ಅಂತಿದ್ಲಾ, ಕೈಯಲ್ಲಿ ಟೇಪು ಜೋತಾಡ್ತಿದೆ, ಹೆಬ್ಬೆರಳು ಒತ್ತಿ ಹಿಡಿದದ್ದನ್ನ ಇನ್ನೂ ಬಿಟ್ಟಿಲ್ಲ, ಉಗುರು ಸರಿಯಾಗಿ ಹೋಗಿ ಕೂತಿದೆ, ತಾಯಿಯ ಉಗುರು ಸೀಳಿದ ಆ ಗೀರಿನೊಳಗೆ, ಇಪ್ಪತ್ತೊಂಬತ್ತೂವರೆ