ದೊಡ್ಡ ರೊಟ್ಟಿಯ ಲೆನ್ಸು

ಅಡರಕಟ್ಟಿಯ ರೊಟ್ಟಿ ಸಂಘದ ಫೋಟೋಗಳಲ್ಲಿ ಹನಮಂತವ್ವ ಒಮ್ಮೆಯೂ ಪೂರ್ತಿ ಬಂದವಳಲ್ಲ. ಎತ್ತರದ ಹೆಣ್ಣುಮಗಳೆಂದು ಅವಳನ್ನು ಯಾವಾಗಲೂ ಹಿಂದಿನ ಸಾಲಿನ ತುದಿಗೆ ನಿಲ್ಲಿಸುತ್ತಿದ್ದರು. ಚೌಕಟ್ಟಿಗೆ ಹೊಂದಿಸುವಾಗ ಸ್ಟುಡಿಯೋದವರು ಅಂಚು ಕತ್ತರಿಸುತ್ತಿದ್ದರು. ಗೋಡೆಯ ಮೇಲೆ ಮೂರು ಫೋಟೋ, ಮೂರರಲ್ಲೂ ಅವಳ ಪಾಲಿಗೆ ಬರೀ ಒಂದು ಮೊಣಕೈ. ರೊಟ್ಟಿ ಬಡಿದು ಗಟ್ಟಿಯಾದ ಆ ಕೈಯನ್ನಾದರೂ ಉಳಿಸಿದರಲ್ಲ ಎಂದು ನಗುತ್ತಿದ್ದಳು. ಒಳಗೆ ಮಾತ್ರ ಉರಿಯುತ್ತಿತ್ತು.

ಈ ಸಲ ಸಂಘಕ್ಕೆ ಹತ್ತು ವರ್ಷ ತುಂಬಿತ್ತು. ಕ್ಯಾಮೆರಾ ಹಿಡಿದವಳು ಅವಳ ಮಗಳು ಪ್ರಿಯಾಂಕಾ. ಲಕ್ಷ್ಮೇಶ್ವರದ ಕಳಕೇಶನ ಸ್ಟುಡಿಯೋದಲ್ಲಿ ಎರಡು ವರ್ಷ ಆಲ್ಬಮ್ ಅಂಟಿಸಿದ ಮೇಲೆ ಸಿಕ್ಕ ಮೊದಲ ಅವಕಾಶ ಅದು. ಹೊಸದಾಗಿ ತಂದ ದೊಡ್ಡ ಕ್ಯಾಮೆರಾಕ್ಕೆ ಕಳಕೇಶ ತನ್ನ ಹಳೆಯ ಕ್ಯಾಮೆರಾದ ಲೆನ್ಸನ್ನು ತಾನೇ ಹಾಕಿ ಕೊಟ್ಟು, "ಇವತ್ತು ಕೆಡಿಸಿದ್ರ ನಾಳಿಂದ ಮತ್ತ ಆಲ್ಬಮ್ಮ ನೋಡು" ಎಂದಿದ್ದ.

ನಲವತ್ತು ಹೆಂಗಸರು ಅಂಗಳದಲ್ಲಿ ಸಾಲುಗಟ್ಟಿದರು. ಪ್ರಿಯಾಂಕಾ ಒಂದು ಪಟ ತೆಗೆದು ನೋಡಿದಳು. ನಾಲ್ಕೂ ಮೂಲೆ ಕಪ್ಪು! ನಡುವೆ ಕೂತ ಅಧ್ಯಕ್ಷೆ ಬಸವಣ್ಣೆವ್ವ ಹೊಳೆಯುತ್ತಿದ್ದರು, ತುದಿಯ ಹನಮಂತವ್ವನ ಮೊಣಕೈ ಕೂಡ ಕಾಣುತ್ತಿರಲಿಲ್ಲ.

"ಏನ ಒತ್ತಿದಿ ಬೇ? ಹೊಸಾ ಕ್ಯಾಮೆರಾ ಹಾಳ ಮಾಡಿದೆಲ್ಲಾ!" ಕಳಕೇಶ ಎಲ್ಲರ ಎದುರೇ ಕೂಗಿದ.

ಹನಮಂತವ್ವ ಮಗಳತ್ತ ನೋಡಿದಳು. ತಪ್ಪು ಮಾಡಿದರೆ ಮಗಳ ದನಿ ತಗ್ಗುವುದು ಅವಳಿಗೆ ಗೊತ್ತು. ಈಗ ತಗ್ಗಲಿಲ್ಲ.

"ಕ್ಯಾಮೆರಾ ಚಲೋನ ಐತ್ರಿ ಕಾಕಾ. ಈ ಲೆನ್ಸ ಅದಕ್ಕ ಸಾಲಂಗಿಲ್ಲ."

"ಹಂಗಾರ ಮೂಲಿ ಕತ್ತರಿಸಿ ಬಿಡು. ತುದೀಗಿನ ನಾಕ ಮಂದಿ ಹೋದ್ರ ಏನಾತು?"

"ಅದರಾಗ ನಮ್ಮವ್ವ ಅದಾಳ್ರಿ."

ಇನ್ನಷ್ಟು ಹಿಂದೆ ಸರಿದು ಎಲ್ಲರನ್ನೂ ಪಟದ ನಡುವೆ ಹಿಡಿಯೋಣವೆಂದರೆ ಪ್ರಿಯಾಂಕಾಳ ಬೆನ್ನಿಗೆ ಗೋಡೆ. ಪ್ರಿಯಾಂಕಾ ಕ್ಯಾಮೆರಾ ಕೆಳಗಿಟ್ಟು ಅವ್ವನ ಬುಟ್ಟಿಯ ಬಳಿಗೆ ಹೋದಳು. ರೊಟ್ಟಿ ಸುತ್ತುವ ಬಿಳಿಯ ಬಟ್ಟೆಯನ್ನು ಕಟ್ಟೆಯ ಮೇಲೆ ಹಾಸಿ, ಅದರ ನಡುವೆ ಒಂದು ಸಣ್ಣ ರೊಟ್ಟಿ ಇಟ್ಟಳು.

"ಲೆನ್ಸು ಒಳಗ ಚೆಲ್ಲೂ ಬೆಳಕು ಈ ರೊಟ್ಟಿಯಂಗ ದುಂಡಗ ಇರತೈತ್ರಿ. ಈ ಬಟ್ಟಿ ಅಂದ್ರ ಸೆನ್ಸರು, ಚಿತ್ರ ಮೂಡೂ ಜಾಗ. ನೋಡ್ರಿ, ನಾಕೂ ಮೂಲಿ ಖಾಲಿ." ಆಮೇಲೆ ತನ್ನ ಕರವಸ್ತ್ರವನ್ನು ಸಣ್ಣಗೆ ಮಡಚಿ ಹಾಸಿ ಅದೇ ರೊಟ್ಟಿಯನ್ನು ಅದರ ಮೇಲಿಟ್ಟಳು. ಕರವಸ್ತ್ರ ಪೂರ್ತಿ ಮುಚ್ಚಿತು. "ನಿಮ್ಮ ಹಳೇ ಕ್ಯಾಮೆರಾದ ಸೆನ್ಸರು ಇಷ್ಟ. ಅಲ್ಲೆ ಈ ಲೆನ್ಸ ಸಾಲತಿತ್ತು."

ಹೆಂಗಸರು ಸಾಲು ಮುರಿದು ಕಟ್ಟೆಯ ಸುತ್ತ ಮುತ್ತಿದರು. ರೊಟ್ಟಿಯ ವಿಷಯವೆಂದ ಮೇಲೆ ಅವರಿಗೆ ಯಾರೂ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. "ದೊಡ್ಡ ಬಟ್ಟಿಗೆ ದೊಡ್ಡ ರೊಟ್ಟಿ ಬೇಕಲ್ಲವಾ!" ಎಂದರು ಬಸವಣ್ಣೆವ್ವ.

ಪ್ರಿಯಾಂಕಾ ಚೀಲದ ತಳದಿಂದ ಒಂದು ಹಳೆಯ ಲೆನ್ಸು ತೆಗೆದಳು. ಅದು ಕಳಕೇಶನ ಅಪ್ಪ ರೀಲಿನ ಕ್ಯಾಮೆರಾಕ್ಕೆ ಬಳಸುತ್ತಿದ್ದದ್ದು. ಕಳಕೇಶನ ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ಈ ಲೆನ್ಸಿನ ಬೆಳಕಿನ ನಡುಭಾಗವಷ್ಟೇ ಸೆನ್ಸರಿಗೆ ದಕ್ಕಿ, ಗುಂಪು ಹಿಡಿಸುತ್ತಿರಲಿಲ್ಲ. ಅದಕ್ಕೇ ಅವನು ಅದನ್ನು ಮೂಲೆಗೆಸೆದಿದ್ದ. ಮುಂಜಾನೆ ಅವಳು ಚೀಲಕ್ಕೆ ಹಾಕಿಕೊಳ್ಳುವಾಗ ನಕ್ಕಿದ್ದ ಕೂಡ.

"ರೀಲಿನಾಗ ಚಿತ್ರ ಮೂಡೂ ಜಾಗ, ಈ ಹೊಸಾ ಸೆನ್ಸರು, ಎರಡೂ ಒಂದ ಅಳತಿ ಕಾಕಾ. ಇದು ನಿಮ್ಮಪ್ಪಾರ ದೊಡ್ಡ ರೊಟ್ಟಿ."

ಲೆನ್ಸು ಬದಲಿಸಿ, ಅದರ ಉಂಗುರವನ್ನು ಕೈಯಿಂದಲೇ ತಿರುಗಿಸಿ ಚಿತ್ರ ಸ್ಪಷ್ಟ ಮಾಡಿಕೊಂಡು, ಪಟ ತೆಗೆದಳು. ಕಳಕೇಶ ಬಗ್ಗಿ ಪರದೆ ನೋಡಿದ. ಮೂಲೆಯಿಂದ ಮೂಲೆಗೆ ಬೆಳಕು. ತುದಿಯಲ್ಲಿ ಹನಮಂತವ್ವ ಎರಡೂ ಮೊಣಕೈ ಸಮೇತ ನಿಂತಿದ್ದಳು, ಮೂಗುತಿ ಕೂಡ ಕಾಣುತ್ತಿತ್ತು. ಅವನು ಕ್ಯಾಮೆರಾದ ಪಟ್ಟಿಯನ್ನು ಪ್ರಿಯಾಂಕಾಳ ಕೊರಳಿಗೆ ಹಾಕಿದ. "ನಾಳಿ ಶಿರಹಟ್ಟಿ ಮದವಿ ನೀನ ತಗಿ" ಎಂದ.

ಬಸವಣ್ಣೆವ್ವ ತಮ್ಮ ಪಕ್ಕದ ಕುರ್ಚಿ ತಟ್ಟಿ, "ಇನ್ನೊಂದ ಫೋಟೋ ಆಗಲಿ. ಬಾ ಹನಮಂತವ್ವ, ನಡಕ ಕುಂಡ್ರು" ಎಂದರು.

ಅವಳು ಸೆರಗು ಸರಿಪಡಿಸಿಕೊಂಡು ಹಿಂದಿನ ಸಾಲಿನ ತುದಿಗೇ ಹೋಗಿ ನಿಂತಳು.

"ಬ್ಯಾಡ್ರಿ ಯಕ್ಕಾ, ನಾ ಇಲ್ಲೇ ನಿಂದ್ರತೀನಿ. ನನ್ನ ಮಗಳು ಇಲ್ಲಿತನಾನೂ ಬೆಳಕ ತರ್ತಾಳ."