ಎಳೆ ಜೋಳ

ದುಬೈಗೆ ಸೇರಿದ ಹಟ್ಟಾ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ವರ್ಣಲತಾ ಬೇಲಿಗೆ ತಂತಿ ಆರಿಸುತ್ತಿದ್ದಾಗ ತೋಟದಿಂದ ಮೊಯ್ದೀನ್ ಕಳಿಸಿದ ಫೋಟೋ ಬಂತು. ಹಸಿರು ಜೋಳದ ಮಡಿಯಲ್ಲಿ ಜಿಂಕೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಜೊತೆಗೆ ಅವರ ದನಿ: "ಮೇಡಂ, ನೋಡಿ, ಎಲ್ಲ ಬಂದಿದ್ದಾವೆ. ಎಷ್ಟು ಖುಷಿಯಲ್ಲಿ ತಿಂತಾ ಉಂಟು! ಹಸಿದು ಬೇಲಿ ಹತ್ರ ನಿಲ್ಲುದು ನೋಡ್ಲಿಕ್ಕಾಗ್ಲಿಲ್ಲ. ಗೇಟ್ ತೆಗ್ದುಬಿಟ್ಟೆ."

ಅವಳು ತಂತಿಯನ್ನು ಅಲ್ಲೇ ಬಿಟ್ಟು ಕಾರಿಗೆ ಓಡಿದಳು. ಮೊಯ್ದೀನರಿಗೆ ಕರೆ ಮಾಡಿದರೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬಿಸಿಲಿಗೆ ಕಾದು ಹಾಳಾಗುತ್ತದೆಂದು ಅವರು ಫೋನನ್ನು ಕೋಣೆಯಲ್ಲೇ ಇಡುವವರು; ಫೋಟೋ ಕಳಿಸಿ ಮತ್ತೆ ಅಲ್ಲಿಟ್ಟು ಹೊರಗೆ ಹೋಗಿರಬೇಕು.

ಗೇರ್ ಹಾಕುತ್ತಲೇ ತನ್ನ ಹಾಗೇ ಕರಾವಳಿಯವಳಾದ ಪಶುವೈದ್ಯೆ ಮೆಲಿಸ್ಸಾಗೆ ಕರೆ ಮಾಡಿದಳು. "ಡಾಕ್ಟ್ರೇ, ಜಿಂಕೆಗಳು ಜೋಳದ ಚಿಗುರು ತಿಂದಿವೆ. ಬರಕ್ಕೆ ಒಣಗಿ ಮತ್ತೆ ಬಂದ ಚಿಗುರು."

"ಎಷ್ಟು ಹೊತ್ತಾಯ್ತು?"

"ಗೊತ್ತಿಲ್ಲ. ಈಗಷ್ಟೇ ಇರ್ಬೇಕು."

"ಮದ್ದು ನನ್ನ ಹತ್ರ ಉಂಟು. ಆದ್ರೆ ನಾನು ದುಬೈ ಪೇಟೆಯಲ್ಲಿ, ರಾಸ್ ಅಲ್ ಖೋರ್‌ನಲ್ಲಿದ್ದೇನೆ, ಎಷ್ಟು ಬೇಗ ಹೊರಟ್ರೂ ಒಂದು ಗಂಟೆ ಮೇಲೆಯೇ ಆಗ್ತದೆ. ಕೇಳಿ ಸ್ವರ್ಣ, ಮೊದ್ಲು ಅವುಗಳನ್ನು ಮಡಿಯಿಂದ ಹೊರಗೆ ತನ್ನಿ. ಆದ್ರೆ ಓಡಿಸ್ಬೇಡಿ. ಈ ಬಿಸಿಲಲ್ಲಿ ಬೆದರಿ ಓಡಿದ್ರೆ ವಿಷಕ್ಕೆ ಮೊದ್ಲೇ ಎದೆ ನಿಂತು ಸಾಯ್ತವೆ."

"ಓಡಿಸದೆ ಹೊರಗೆ ತರುದು ಹೇಗೆ?"

"ಅದು ನಂಗೂ ಗೊತ್ತಿಲ್ಲ ಮಾರಾಯ್ತಿ."

ಕಾರ್ಕಳದ ಸ್ವರ್ಣಲತಾ ಧಾರವಾಡದಲ್ಲಿ ಕೃಷಿ ಓದಿದವಳು. ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿರುವ ಒಂದು ಉದ್ಯಾನ ಕಂಪನಿಯಲ್ಲಿ ಅವಳಿಗೆ ಕೆಲಸ. ಹಟ್ಟಾದ ಬೆಟ್ಟಗಳ ನಡುವೆ ತೋಟವಿದ್ದ ಒಬ್ಬ ಹಿರಿಯ ಅರಬ್ಬರು ತಾವು ಸಾಕಿದ ಬೆಟ್ಟದ ಜಿಂಕೆಗಳಿಗೆ ಬೇಸಿಗೆಯಲ್ಲೂ ಹಸಿರು ಮೇವು ಬೆಳೆಸಿಕೊಡಬೇಕೆಂದು ಕಂಪನಿಯನ್ನು ಕೇಳಿದ್ದರು. ಚಳಿಗಾಲದಲ್ಲಿ ಬರಬೇಕಾದ ಮಳೆ ಎರಡು ವರ್ಷದಿಂದ ಬಂದಿರಲಿಲ್ಲ. ಬೆಟ್ಟದ ಹುಲ್ಲು ಒಣಗಿ ಪುಡಿಯಾಗಿತ್ತು, ಬಾವಿಯ ನೀರು ಉಪ್ಪಾಗಿತ್ತು. ಸ್ವರ್ಣಲತಾ ಟ್ಯಾಂಕರ್ ನೀರು ತರಿಸಿ, ಹನಿ ನೀರಾವರಿಯ ಪೈಪು ಹಾಸಿ, ಅಲಸಂಡೆಯನ್ನೂ ಜೋಳವನ್ನೂ ಬಿತ್ತಿದ್ದಳು. ತೋಟ ನೋಡಿಕೊಳ್ಳುತ್ತಿದ್ದ ಮೊಯ್ದೀನ್ ಬಂಟ್ವಾಳದ ಕಡೆಯ ಬ್ಯಾರಿ. ಪ್ರತಿಯೊಂದು ಜಿಂಕೆಯನ್ನೂ ಮುಖ ನೋಡಿ ಗುರುತು ಹಿಡಿಯುತ್ತಿದ್ದರು.

ಜೋಳ ಎದೆಯೆತ್ತರ ಬಂದಾಗ ಕತ್ತೆಗಳು ನುಗ್ಗಿದ್ದವು. ಹಿಂದೆ ಬೆಟ್ಟದ ಹಳ್ಳಿಗಳಲ್ಲಿ ಸಾಮಾನು ಹೊರುತ್ತಿದ್ದ ಕತ್ತೆಗಳನ್ನು ರಸ್ತೆಯಾಗಿ ಪಿಕಪ್ ಬಂದ ಮೇಲೆ ಜನ ಬಿಟ್ಟುಬಿಟ್ಟಿದ್ದರು. ಅವು ಕಣಿವೆಯಲ್ಲೇ ಹುಟ್ಟಿ ಬೆಳೆದು ಕಾಡುಬಿದ್ದಿದ್ದವು. "ನಮ್ಮೂರಲ್ಲಿ ಗದ್ದೆಗೆ ಹಂದಿ ಬಿದ್ದ ಹಾಗೆ ಆಯ್ತು," ಎಂದು ಮೊಯ್ದೀನ್ ತಲೆಗೆ ಕೈ ಹಚ್ಚಿ ಕೂತಿದ್ದರು. ಕತ್ತೆಗಳು ಬೇಲಿ ಮಲಗಿಸಿ, ಜೋಳವನ್ನು ಬುಡದವರೆಗೆ ಮೇಯ್ದು, ಅಲಸಂಡೆಯನ್ನು ಬೇರು ಸಮೇತ ಕಿತ್ತು, ನೀರಿನ ಆಸೆಗೆ ಪೈಪುಗಳನ್ನೂ ಕಚ್ಚಿ ಹರಿದಿದ್ದವು. ಪೈಪು ಬದಲಾಯಿಸುವಷ್ಟರಲ್ಲಿ ಜೋಳದ ಕೂಳೆ ಬಿಸಿಲಿಗೆ ಸುಟ್ಟುಹೋಗಿತ್ತು. ನೀರು ಬಿಟ್ಟ ಮೇಲೆ ಬುಡದಿಂದ ಹೊಸ ಚಿಗುರು ಒತ್ತಾಗಿ ಎದ್ದುಬಂತು.

ನೋಡುವವರಿಗೆ ಅದರಷ್ಟು ಚಂದದ ಹಸಿರು ಇಲ್ಲ. ಆದರೆ ಬರ ಕಂಡು ಮತ್ತೆ ಚಿಗುರಿದ ಎಳೆ ಜೋಳ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ವಿಷವಾಗುತ್ತದೆ. ಧಾರವಾಡದ ಕಡೆ ದನ ಕಾಯುವವರಿಗೆಲ್ಲ ಗೊತ್ತಿರುವ ಸಂಗತಿ. ಜೋಳವನ್ನೇ ಬೆಳೆಯದ ಕರಾವಳಿಯ ಮೊಯ್ದೀನರಿಗೆ ಗೊತ್ತಿರಲಿಲ್ಲ. ಸ್ವರ್ಣಲತಾ "ಇನ್ನೂ ಎತ್ತರ ಆಗ್ಲಿ, ಈಗ ಬಿಡ್ಬೇಡಿ" ಎಂದಷ್ಟೇ ಹೇಳಿದ್ದಳು.

ಕಣಿವೆಯ ಕಲ್ಲುದಾರಿಯಲ್ಲಿ ಕಾರು ಕುಪ್ಪಳಿಸುತ್ತ ತೋಟ ಮುಟ್ಟಿತು. ಮೊಯ್ದೀನ್ ನಗುತ್ತ ಎದುರು ಬಂದರು.

"ಮೊಯ್ದೀನಾಕ, ಅದು ವಿಷ," ಅವಳು ದನಿ ಏರಿಸದೆ ಹೇಳಿದಳು. "ಎಳೆ ಜೋಳ ವಿಷ. ತಿಂದ್ರೆ ಸಾಯ್ತವೆ."

ಅವರ ಮುಖದ ನಗು ಹಾಗೇ ನಿಂತುಬಿಟ್ಟಿತು. "ಯಾ ಅಲ್ಲಾಹ್. ವಿಷವಾ? ನೀವೇ ಬಿತ್ತಿದ್ದಲ್ವಾ?" ಎಂದವರೇ ಕೋಲೆತ್ತಿಕೊಂಡು ಮಡಿಯ ಕಡೆ ನುಗ್ಗಲು ಹೊರಟರು. ಅವಳು ತೋಳು ಹಿಡಿದು ಎಳೆದಳು.

"ಓಡಿಸ್ಲಿಕ್ಕಿಲ್ಲ! ಓಡಿದ್ರೂ ಸಾಯ್ತವೆ. ಮೆಲ್ಲ."

ಇಬ್ಬರೂ ಬಿಸಿಲಲ್ಲಿ ನಿಂತು ನೋಡಿದರು. ಹನ್ನೊಂದೋ ಹನ್ನೆರಡೋ ಜಿಂಕೆಗಳು. ಚಿಗುರು ಕಚ್ಚುವ ಸಣ್ಣ ಸದ್ದು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಬದಿಯಲ್ಲಿದ್ದ ಒಂದು ಹೆಣ್ಣು ಜಿಂಕೆ ಮೇಯುವುದನ್ನು ನಿಲ್ಲಿಸಿ ಬಾಯಿ ತೆರೆದು ಉಸಿರೆಳೆಯತೊಡಗಿತು. ಅದರ ಮರಿ ಕಾಲಿನ ನಡುವೆ ಮೂತಿ ಹಾಕುತ್ತಿತ್ತು.

"ಒಣ ಕುದುರೆಮಸಾಲೆ ಮೇವು ತೋರಿಸಿ ಕರೀಲಾ?" ಎಂದರು ಮೊಯ್ದೀನ್.

"ಹಸಿರು ಬಿಟ್ಟು ಒಣಗಿದ್ದಕ್ಕೆ ಬರ್ತವಾ?"

ಅವರು ತಿರುಗಿ ನೀರಿನ ಟ್ಯಾಂಕಿನ ಕಡೆ ನಡೆದರು. ಮಡಿಯ ಹೊರಗೆ ಜಾಲಿ ಮರದ ಬುಡದಲ್ಲಿ ಜಿಂಕೆಗಳ ಸಿಮೆಂಟು ತೊಟ್ಟಿ ಇತ್ತು. ಪೈಪು ಹಾಕಿ ವಾಲ್ವನ್ನು ಪೂರ್ತಿ ತಿರುಗಿಸಿದರು. ಮುಂದಿನ ಟ್ಯಾಂಕರ್ ಬರುವವರೆಗೆ ಇಡೀ ತೋಟಕ್ಕೆ ಇದ್ದ ನೀರೇ ಅಷ್ಟು. ಅದು ಧೋ ಎಂದು ತೊಟ್ಟಿಗೆ ಸುರಿದು, ಅಂಚು ಮೀರಿ, ಕಲ್ಲಿನ ಮೇಲೆ ಹರಿಯಿತು.

ಒಂದು ಗಂಡು ಜಿಂಕೆ ಕಿವಿ ನಿಮಿರಿಸಿತು. ಮೊಯ್ದೀನ್ ನಾಲಿಗೆಯಲ್ಲಿ ಟಕ್ ಟಕ್ ಎನ್ನುತ್ತ, ದಿನಾ ನೀರು ಕೊಡುವಾಗ ಕರೆಯುವ ಹಾಗೆಯೇ ಕರೆದರು. ದನಿ ನಡುಗಬಾರದೆಂದು ಅವರು ಪಡುತ್ತಿದ್ದ ಪಾಡು ಸ್ವರ್ಣಲತಾಗೆ ಕಾಣಿಸುತ್ತಿತ್ತು. ಅವಳು ಗೇಟಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಗಂಡು ಜಿಂಕೆ ಎರಡು ಹೆಜ್ಜೆ ಇಟ್ಟು ನಿಂತಿತು, ಮತ್ತೊಂದು ಬಾಯಿ ಚಿಗುರು ಕಚ್ಚಿತು. ಆಮೇಲೆ ಹೊರಗೆ ಬಂತು. ಅದರ ಹಿಂದೆ ಇನ್ನೆರಡು, ಅವುಗಳ ಹಿಂದೆ ಉಳಿದವು. ತೊಟ್ಟಿಯ ಸುತ್ತ ಮೂತಿಗಳು ತುಂಬಿದವು.

ಬರದೇ ಉಳಿದದ್ದು ಎರಡು, ಮತ್ತೆ ತಾಯಿಯ ಬದಿ ಬಿಡದ ಆ ಮರಿ. ಬಾಯಿ ತೆರೆದು ಉಸಿರೆಳೆಯುತ್ತಿದ್ದ ತಾಯಿ ಮುಂಗಾಲು ಮಡಚಿ ಕುಸಿಯಿತು. ಆಚೆ ತುದಿಯಲ್ಲಿ ಇನ್ನೊಂದು ಎಳೆ ಹೆಣ್ಣು ಜಿಂಕೆ ನಡುಗುತ್ತ ನಿಂತಿತ್ತು. ಸ್ವರ್ಣಲತಾ ಮೆಲ್ಲಗೆ ಗೇಟು ಹಾಕಿಕೊಂಡು ಒಳಗೆ ಹೋದಳು. ಅವಳು ಮುಟ್ಟುವ ಹೊತ್ತಿಗೆ ತಾಯಿಯ ಕಣ್ಣು ಗಾಜಾಗಿತ್ತು. ತುಟಿ ಬಿಡಿಸಿ ನೋಡಿದರೆ ವಸಡು ದಾಸವಾಳದಷ್ಟು ಕೆಂಪು, ವಿಷದ್ದೇ ಗುರುತು. ಒಮ್ಮೆ ಕಾಲು ಝಾಡಿಸಿ ಅದು ಅಲ್ಲಾಡದಾಯಿತು.

ಎಳೆಯದು ಮಲಗಿದಾಗ ಮೊಯ್ದೀನ್ ತಮ್ಮ ಲುಂಗಿ ಬಿಚ್ಚಿ ನೀರಲ್ಲಿ ಅದ್ದಿ ಅದರ ಮೈಮೇಲೆ ಹೊದಿಸಿದರು. ಚಡ್ಡಿಯಲ್ಲೇ ಬಿಸಿಲಿಗೆ ಬೆನ್ನು ಕೊಟ್ಟು ನೆರಳಾಗಿ ಕೂತರು. ಸ್ವರ್ಣಲತಾ ಅದರ ತಲೆಯನ್ನು ತೊಡೆಯ ಮೇಲಿಟ್ಟು ಉಸಿರನ್ನೇ ನೋಡುತ್ತಿದ್ದಳು. ಉಸಿರು ನಿಂತಂತಾಗುತ್ತಿತ್ತು, ಮತ್ತೆ ಬರುತ್ತಿತ್ತು.

"ನೀವು ಹೇಳ್ಬಹುದಿತ್ತು," ಎಂದರು ಮೊಯ್ದೀನ್ ಒಮ್ಮೆ, ಅವಳ ಮುಖ ನೋಡದೆ.

"ಹೌದು. ಹೇಳ್ಬೇಕಿತ್ತು."

ಮೆಲಿಸ್ಸಾ ಬಂದವಳೇ ಮಂಡಿಯೂರಿ ಕತ್ತಿನ ನರ ಹುಡುಕಿ ಮದ್ದು ಚುಚ್ಚಿದಳು. "ಇಷ್ಟು ಹೊತ್ತು ತಡ್ಕೊಂಡಿದೆ ಅಂದ್ರೆ ಆಸೆ ಉಂಟು," ಎಂದಳು. ಸ್ವಲ್ಪ ಹೊತ್ತಿಗೆ ಜಿಂಕೆಯ ಕಿವಿ ಆಡಿತು. ಇನ್ನಷ್ಟು ಹೊತ್ತಿಗೆ ಅದು ತಲೆ ಎತ್ತಿ, ಎಡವುತ್ತ ಎದ್ದು, ಹಿಂಡಿನ ಕಡೆ ನಡೆಯಿತು.

ಸಂಜೆ ತೋಟದ ಯಜಮಾನರಾದ ಆ ಹಿರಿಯ ಅರಬ್ಬರು ಬಂದರು. ಸತ್ತ ಜಿಂಕೆಯ ಮುಂದೆ ಕೋಲೂರಿ ನಿಂತು, ಗೇಟು ತೆಗೆದವರು ಯಾರೆಂದು ಹಿಂದಿಯಲ್ಲಿ ಕೇಳಿದರು. "ನಾನು," ಎಂದರು ಮೊಯ್ದೀನ್. "ಯಾಕೆ ತೆಗೀಬಾರದು ಅಂತ ನಾನು ಅವರಿಗೆ ಹೇಳಿರಲಿಲ್ಲ," ಎಂದಳು ಸ್ವರ್ಣಲತಾ. ಮುದುಕರು ಇಬ್ಬರನ್ನೂ ನೋಡಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಕೇಳಿದ್ದು ಇಷ್ಟೇ: "ಉಳಿದವು ನಾಳೆ ಏನು ತಿನ್ನಬೇಕು?"

ಅಲ್ ಐನ್ ಸಂತೆಯಿಂದ ಕುದುರೆಮಸಾಲೆಯ ಪಿಂಡಿಗಳು ಬಂದವು. ಜೋಳವನ್ನು ಸ್ವರ್ಣಲತಾ, ಮೊಯ್ದೀನ್ ಇಬ್ಬರೇ ಬುಡಕ್ಕೆ ಕೊಯ್ದು, ತೆಳ್ಳಗೆ ಹರಡಿ, ದಿನವೂ ಮಗುಚಿ ಒಣಗಿಸಿದರು. ಚೆನ್ನಾಗಿ ಒಣಗಿದರೆ ವಿಷ ಹೋಗುತ್ತದೆಂದು ಈ ಸಲ ಸ್ವರ್ಣಲತಾ ಕೂತು ವಿವರಿಸಿದಳು. ಕೊಯ್ದ ಜಾಗದಲ್ಲಿ ಈ ವಿಷದ ಕಾಟವೇ ಇಲ್ಲದ ಸಜ್ಜೆ ಬಿತ್ತಿದರು. ಮೊಯ್ದೀನ್ ಕಣಿವೆಯ ಕೆಳಗೆ ಕತ್ತೆಗಳಿಗೆಂದೇ ಒಂದು ತೊಟ್ಟಿ ಕಟ್ಟಿಸಬೇಕೆಂದು ಹಟ ಹಿಡಿದರು. "ನೀರು ಸಿಕ್ಕಿದ್ರೆ ಪೈಪ್ ಯಾಕೆ ಕಚ್ತವೆ?" ಯಜಮಾನರು ಒಪ್ಪಿದರು. ಕತ್ತೆಗಳು ಆಮೇಲೂ ಬೇಲಿಯ ಹತ್ತಿರ ಬರುತ್ತಿದ್ದವು, ಆದರೆ ಮೊದಲಿನಷ್ಟು ಅಲ್ಲ. ತಾಯಿಯಿಲ್ಲದ ಮರಿ ಬಾಟಲಿಯ ಆಡಿನ ಹಾಲು ಕುಡಿಯಲು ಮೂರು ದಿನ ಸತಾಯಿಸಿ, ಕೊನೆಗೆ ಮೆಲಿಸ್ಸಾಳ ಕೈಯಿಂದ ಕುಡಿಯಿತು.

ಮೆಲಿಸ್ಸಾ ಮೇವನ್ನು ಪರೀಕ್ಷೆ ಮಾಡಿಸಿ ಅಡ್ಡಿಯಿಲ್ಲ ಎಂದ ದಿನ ಒಣಜೋಳವನ್ನು ಜಾಲಿಯ ನೆರಳಲ್ಲಿ ಹರಡಿದರು. ಜಿಂಕೆಗಳು ಮೂಸಿ ನೋಡಿ ತಿನ್ನತೊಡಗಿದವು. ಸ್ವರ್ಣಲತಾ ಬಂಡೆಯ ಮೇಲೆ ಕೂತು ಚಾ ಕುಡಿದಳು. ಮೊಯ್ದೀನ್ ಕೂರಲಿಲ್ಲ. ಅವರ ಚಾ ಆರಿಹೋಯಿತು. ಜಿಂಕೆಗಳು ತಿಂದು ಮುಗಿಸಿ, ಒಂದೊಂದಾಗಿ ಕಾಲು ಮಡಚಿ ಮಲಗಿ ಮೆಲುಕು ಹಾಕತೊಡಗಿದ ಮೇಲೆ ಅವರು ಪಕ್ಕದಲ್ಲಿ ಬಂದು ಕೂತರು.

"ಇನ್ನೊಂದು ಚಾ ಮಾಡ್ಲಾ ಮೇಡಂ?" ಎಂದರು.